ಆರೋಗ್ಯ ಅಧ್ಯಯನದ ಫೀಲ್ಡ್ ಕೆಲಸ ದಿನದಿನವೂ ನಡೆಸುವುದು ಹೇಗೆ: ಕೋಆರ್ಡಿನೇಟರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮೆಡಿಕಲ್ ಕಾಲೇಜಿನ ಅಧ್ಯಯನಗಳಿಗೆ ಹೊಸದಾಗಿ ಸೇರಿದ ಕೋಆರ್ಡಿನೇಟರ್‌ಗಳು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಫಾರ್ಮ್ ಇದ್ದಷ್ಟು ರಕ್ತದ ಟ್ಯೂಬ್ ಲ್ಯಾಬಲ್ಲಿ ಇಲ್ಲ. ಲ್ಯಾಬಲ್ಲಿರೋ ಐಡಿ ಫಾರ್ಮಲ್ಲಿ ಸಿಗ್ತಿಲ್ಲ. ಈಗೇನು ಮಾಡೋದು?" ಆರು ತಿಂಗಳ ಮೇಲೆ ಕೇಳಿದರೆ ಇದಕ್ಕೆ ಒಳ್ಳೆಯ ಉತ್ತರವೇ ಇಲ್ಲ. ಅದೇ ದಿನ ಸಂಜೆ ಕೇಳಿದ್ದರೆ ಐದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಹಾಗಾಗಿ ಕೆಳಗಿನ ಹಂತಗಳಲ್ಲಿ ಏನನ್ನು ಬಿಟ್ಟರೂ ಏಳನೆಯದನ್ನು ಬಿಡಬೇಡಿ.

ಮಾತಾಡೋಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗ. ಸುತ್ತಲಿನ ಮೂರು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವ್ಯಾಪ್ತಿಯ ಗರ್ಭಿಣಿಯರಲ್ಲಿ ರಕ್ತಹೀನತೆ ತಿಂಗಳು ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ನೋಡಬೇಕು. 20 ವಾರ ತುಂಬುವ ಮೊದಲು ಒಂದು ಭೇಟಿ, 28ರಿಂದ 32 ವಾರದೊಳಗೆ ಇನ್ನೊಂದು, ಹೆರಿಗೆಯ ವಿವರ, ಬಾಣಂತಿಗೆ ಆರನೇ ವಾರದಲ್ಲಿ ಕೊನೆಯ ಭೇಟಿ. ನಿಮ್ಮದು ಬಿಪಿಯೋ ಶುಗರೋ ಮಕ್ಕಳ ಬೆಳವಣಿಗೆಯೋ ಆಗಿದ್ದರೂ ಕೆಲಸದ ಕ್ರಮ ಬಹುತೇಕ ಇದೇ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಬೀಗ ಹಾಕುವ ಎರಡು ಕಬ್ಬಿಣದ ಕಪಾಟು. ಆಫ್‌ಲೈನ್‌ನಲ್ಲೂ ಕೆಲಸ ಮಾಡುವ ಫಾರ್ಮ್ ಆ್ಯಪ್ ಹಾಕಿದ ಟ್ಯಾಬ್ಲೆಟ್‌ಗಳು. ಒಡಿಕೆ, ಕೋಬೊ, ರೆಡ್‌ಕ್ಯಾಪ್ ಯಾವುದಾದರೂ ಸರಿ, ಆದರೆ ನಡುವೆ ಬದಲಾಯಿಸಬೇಡಿ. ಪವರ್ ಬ್ಯಾಂಕ್, ನೀರಿಗೆ ಅಳಿಸದ ಸ್ಟಿಕ್ಕರ್, ಥರ್ಮಾಮೀಟರ್ ಇರುವ ಕೋಲ್ಡ್ ಬಾಕ್ಸ್, ಬಳಸಿದ ಸೂಜಿ ಹಾಕಲು, ಸೂಜಿ ತೂರಿ ಹೊರಬಾರದ ಬಿಳಿ ಡಬ್ಬಿ, ಸ್ಟಾಂಪ್ ಪ್ಯಾಡ್, ನೀಲಿ ಪೆನ್. ಕೊನೆಯದಾಗಿ ರಟ್ಟಿನ ಬೈಂಡ್ ಇರುವ ಒಂದು ದಪ್ಪ ರಿಜಿಸ್ಟರ್. ಟ್ಯಾಬ್ಲೆಟ್ ಇದ್ದ ಮೇಲೆ ರಿಜಿಸ್ಟರ್ ಯಾಕೆ ಅಂತ ಹೊಸಬರು ಕೇಳ್ತಾರೆ. ಚಾರ್ಜ್ ಮುಗಿದ ದಿನ ಅವರಿಗೇ ಗೊತ್ತಾಗುತ್ತದೆ.

ಹಂತ 1: ಕಾಗದಪತ್ರದ ಸರದಿ ತಪ್ಪಿಸಬೇಡಿ

ಮೊದಲು ಕಾಲೇಜಿನ ಎಥಿಕ್ಸ್ ಕಮಿಟಿಯ (ಸಂಶೋಧನಾ ನೀತಿ ಸಮಿತಿ) ಒಪ್ಪಿಗೆ ಪತ್ರ. ಅದರಲ್ಲಿ ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ), ಒಪ್ಪಿಗೆ ಫಾರ್ಮ್ ಮತ್ತು ಪ್ರಶ್ನಾವಳಿಯ ವರ್ಷನ್ ನಂಬರ್, ದಿನಾಂಕ ಇರಬೇಕು. ಇಂಗ್ಲಿಷ್ ಫಾರ್ಮಿಗೆ ಒಪ್ಪಿಗೆ ಸಿಕ್ಕಿ, ಕನ್ನಡದ ಫಾರ್ಮ್ ಕಮಿಟಿಗೆ ಹೋಗದೆ ಉಳಿದಿರುವುದು ತುಂಬಾ ಸಾಮಾನ್ಯ. ಹಳ್ಳಿಯಲ್ಲಿ ಸಹಿ ಬೀಳುವುದು ಕನ್ನಡದ ಫಾರ್ಮ್ ಮೇಲೆ. ಕಮಿಟಿ ನೋಡಬೇಕಾದ್ದೂ ಅದನ್ನೇ, ಅಲ್ವಾ?

ಔಷಧಿ ಅಥವಾ ಬೇರೆ ಯಾವುದಾದರೂ ಚಿಕಿತ್ಸೆ ಕೊಟ್ಟು ಹೋಲಿಸುವ ಟ್ರಯಲ್ ಆಗಿದ್ದರೆ ಮುಂದಿನದು ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿಯಲ್ಲಿ ನೋಂದಣಿ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಇದು ಆಗಿರಬೇಕು. 2018ರ ಏಪ್ರಿಲ್‌ನಿಂದ ಸಿಟಿಆರ್‌ಐ ಶುರುವಾಗಿಬಿಟ್ಟ ಟ್ರಯಲ್‌ಗಳನ್ನು ತೆಗೆದುಕೊಳ್ಳುವುದಿಲ್ಲ. "ಆಮೇಲೆ ಮಾಡಿಸೋಣ" ಅಂದರೆ ಆಮೇಲೆ ಆಗೋದೇ ಇಲ್ಲ. ವಿದೇಶಿ ಹಣವೋ ಸಹಯೋಗವೋ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಅನುಮತಿಯೂ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು ಎಂದು ಲೆಕ್ಕ ಹಾಕಿಕೊಂಡಿರಿ.

ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಪಿಎಚ್‌ಸಿ ವೈದ್ಯಾಧಿಕಾರಿ, ಈ ಕ್ರಮದಲ್ಲೇ ಪತ್ರ. ಮೇಲಿನವರ ಪತ್ರವಿಲ್ಲದೆ ಕೆಳಗೆ ಹೋದರೆ ಯಾರೂ ಬೈಯುವುದಿಲ್ಲ, ಕೆಲಸ ಮಾತ್ರ ಸುಮ್ನೆ ನಿಂತುಬಿಡುತ್ತದೆ. ಪಂಚಾಯಿತಿಗೂ ಒಂದು ಪ್ರತಿ ಕೊಡಿ. ಆಶಾ ಕಾರ್ಯಕರ್ತೆಯರ ಸಹಾಯ ಬೇಕಿದ್ದರೆ ಅದನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಪತ್ರದಲ್ಲೇ ಬರೆಸಿಕೊಳ್ಳಿ. ಅವರಿಗೆ ಕೊಡುವ ಗೌರವಧನ ಬಜೆಟ್‌ನಲ್ಲಿ ಇರಲೇಬೇಕು. ಪುಕ್ಕಟೆ ದುಡಿಸಿಕೊಳ್ಳುವ ಅಧ್ಯಯನಗಳು ಎರಡನೇ ತಿಂಗಳಿಗೇ ಕುಂಟುತ್ತವೆ, ಅದು ನ್ಯಾಯವೂ ಹೌದು.

ಈ ಎಲ್ಲಾ ಪತ್ರಗಳ ಮೂಲ ಕಪಾಟಿನಲ್ಲಿ, ಜೆರಾಕ್ಸ್ ಪ್ರತಿ ಟೀಮಿನ ಪ್ರತಿಯೊಬ್ಬರ ಬ್ಯಾಗಿನಲ್ಲಿ.

ಹಂತ 2: ಐಡಿ ಮೊದಲು, ಹೆಸರು ಆಮೇಲೆ

ಸಂಶೋಧನೆಯ ಫಾರ್ಮಿನಲ್ಲಿ ಹೆಸರು ಇರಬಾರದು, ಐಡಿ ಮಾತ್ರ ಇರಬೇಕು. ಹೆಸರು, ಫೋನ್, ವಿಳಾಸ, ಐಡಿ ನಾಲ್ಕೂ ಒಟ್ಟಿಗೆ ಇರುವುದು ಒಂದೇ ಒಂದು ಕಡತದಲ್ಲಿ. ಅದನ್ನು ಲಿಂಕ್ ಕಡತ ಅನ್ನೋಣ. ಅದು ಬೇರೆ ಕಪಾಟಿನಲ್ಲಿ, ಪಾಸ್‌ವರ್ಡ್ ಹಾಕಿದ ಬೇರೆ ಕಂಪ್ಯೂಟರ್‌ನಲ್ಲಿ ಇರಲಿ. ಸಹಿ ಬಿದ್ದ ಒಪ್ಪಿಗೆ ಫಾರ್ಮ್‌ಗಳಲ್ಲೂ ಹೆಸರು ಇರುತ್ತದೆ, ಆದ್ದರಿಂದ ಅವೂ ಲಿಂಕ್ ಕಡತದ ಜೊತೆಗೇ. ಎರಡು ಕಪಾಟು ಬೇಕು ಅಂದಿದ್ದು ಇದಕ್ಕೇ.

ಐಡಿ ಚಿಕ್ಕದಾಗಿರಲಿ. ಪಿಎಚ್‌ಸಿಗೆ ಒಂದು ಅಂಕಿ, ಆಮೇಲೆ ಮೂರು ಅಂಕಿಯ ಸರಣಿ ಸಂಖ್ಯೆ, ಕೊನೆಗೆ ತಪ್ಪು ಹಿಡಿಯುವ ಒಂದು ಚೆಕ್ ಅಂಕಿ. ಊರು, ವಯಸ್ಸು, ಜಾತಿ ಯಾವುದನ್ನೂ ಐಡಿಯೊಳಗೆ ತುರುಕಬೇಡಿ. ಒಂದು ಐಡಿಗೆ ಹತ್ತು ಸ್ಟಿಕ್ಕರ್ ಇರುವ ಹಾಳೆಯನ್ನು ಮೊದಲೇ ಮುದ್ರಿಸಿ: ಫಾರ್ಮಿಗೆ, ಟ್ಯೂಬಿಗೆ, ರಿಜಿಸ್ಟರಿಗೆ, ಮನೆಯವರಿಗೆ ಕೊಡುವ ಕಾರ್ಡಿಗೆ. ಕೈಯಲ್ಲಿ ಐಡಿ ಬರೆಯುವ ಪದ್ಧತಿ ಇಟ್ಟುಕೊಂಡರೆ 1 ಮತ್ತು 7, 3 ಮತ್ತು 8 ಅದಲುಬದಲಾಗುವುದು ಖಂಡಿತ.

ಲಿಂಕ್ ಕಡತದಲ್ಲಿ ಬರೀ "ಲಕ್ಷ್ಮಿ" ಅಂತ ಬರೆದರೆ ಉಪಯೋಗವಿಲ್ಲ. ಒಂದೇ ಬೀದಿಯಲ್ಲಿ ಮೂವರು ಲಕ್ಷ್ಮಿ, ಇಬ್ಬರು ಲಕ್ಷ್ಮಮ್ಮ ಇರ್ತಾರೆ. ಗಂಡನ ಹೆಸರು, ಮನೆ ಗುರುತು, ತಾಯಿ ಕಾರ್ಡಿನಲ್ಲಿರುವ ನಂಬರ್ ಮೂರೂ ಬೇಕು. ಇವುಗಳಲ್ಲಿ ಕೊನೆಗೆ ಕೈ ಹಿಡಿಯುವುದು ತಾಯಿ ಕಾರ್ಡ್ ನಂಬರ್. ಆಸ್ಪತ್ರೆಯಲ್ಲಿ ಹೆಸರಿನ ಕಾಗುಣಿತ ಬದಲಾದರೂ ಅದು ಬದಲಾಗುವುದಿಲ್ಲ.

ಹಂತ 3: ಯಾರು ಏನು ಮಾಡಬಹುದು ಎಂದು ಬರೆದಿಡಿ

ಒಂದು ಹಾಳೆಯಲ್ಲಿ ಟೀಮಿನ ಎಲ್ಲರ ಹೆಸರು, ಅವರು ಮಾಡಬಹುದಾದ ಕೆಲಸ, ತರಬೇತಿಯ ದಿನಾಂಕ, ಸಹಿಯ ಮಾದರಿ ಇರಲಿ. ಒಪ್ಪಿಗೆ ಯಾರು ಪಡೆಯಬಹುದು, ರಕ್ತ ಯಾರು ತೆಗೆಯಬಹುದು, ಫಾರ್ಮ್ ಯಾರು ತಿದ್ದಬಹುದು ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು. ಪ್ರಧಾನ ಸಂಶೋಧಕರು ಸಹಿ ಹಾಕಬೇಕು. ನರ್ಸ್ ರಜೆ ಇದ್ದ ದಿನ ಡ್ರೈವರ್ ಬೆರಳು ಚುಚ್ಚಿದ ಕಥೆಗಳು ಶುರುವಾಗುವುದು ಈ ಹಾಳೆ ಇಲ್ಲದ ಕಡೆ.

ತರಬೇತಿ ಅಂದರೆ ಪವರ್‌ಪಾಯಿಂಟ್ ತೋರಿಸೋದು ಅಂತ ತಿಳಿಯಬೇಡಿ. ಒಬ್ಬರು ಗರ್ಭಿಣಿ, ಒಬ್ಬರು ಅತ್ತೆ, ಒಬ್ಬರು ಫೀಲ್ಡ್ ಕೆಲಸದವರಾಗಿ ನಟಿಸಲಿ. ಅತ್ತೆಯ ಪಾತ್ರ ಮಾಡುವವರು ಸ್ವಲ್ಪ ಜೋರಾಗಿಯೇ ಅಡ್ಡ ಮಾತಾಡಲಿ. ಎಲ್ಲರೂ ಒಬ್ಬರದೇ ಬಿಪಿ, ಎತ್ತರ, ತೂಕ ಅಳೆದು ಹೋಲಿಸಲಿ. ವ್ಯತ್ಯಾಸ ಬಂದಲ್ಲಿ ಮತ್ತೆ ಅಭ್ಯಾಸ.

ಪ್ರಶ್ನೆ ಕೇಳುವ ರೀತಿಯನ್ನೂ ಇಲ್ಲೇ ತಿದ್ದಬೇಕು. "ಕಬ್ಬಿಣಾಂಶದ ಮಾತ್ರೆ ದಿನಾ ತಗೋತೀರಾ?" ಎಂದರೆ ಹತ್ತರಲ್ಲಿ ಒಂಬತ್ತು ಮಂದಿ "ಹೂಂ" ಅಂತಾರೆ. ಯಾಕಂದ್ರೆ ಪಕ್ಕದಲ್ಲಿ ಆಶಾ ನಿಂತಿದ್ದಾರೆ. ಅದರ ಬದಲು "ಮಾತ್ರೆ ಸ್ಟ್ರಿಪ್ ಸ್ವಲ್ಪ ತೋರಿಸ್ತೀರಾ?" ಎಂದು ಕೇಳಿ, ಉಳಿದಿರುವುದನ್ನು ಎಣಿಸಿ, ಕೊನೆಯ ಸಲ ಸ್ಟ್ರಿಪ್ ಕೊಟ್ಟ ದಿನವನ್ನು ತಾಯಿ ಕಾರ್ಡಿನಲ್ಲಿ ನೋಡಿ. ಸರ್ಕಾರದ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ ಮಾತ್ರೆ. ಪ್ರತಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಲೆಕ್ಕ ಹಾಕೋಕೆ ಇಷ್ಟು ಸಾಕು. ಹೊಟ್ಟೆ ಕೆಡುತ್ತೆ, ಮಗು ಕಪ್ಪಾಗುತ್ತೆ ಅಂತೆಲ್ಲಾ ಕಾರಣ ಹೇಳಿದರೆ ಅಲ್ಲೇ ಭಾಷಣ ಮಾಡಬೇಡಿ. ಬರೆದುಕೊಳ್ಳಿ. ಭೇಟಿ ಮುಗಿದ ಮೇಲೆ ತಿಳಿಸಿ ಹೇಳಬಹುದು.

ಹಂತ 4: ನಾಳಿನ ದಿನವನ್ನು ಇವತ್ತೇ ಕಟ್ಟಿ

ಹಿಂದಿನ ದಿನ ಮಧ್ಯಾಹ್ನವೇ ನಾಳಿನ ಮನೆಗಳ ಪಟ್ಟಿ ಸಿದ್ಧವಾಗಲಿ. ಆಶಾಗೆ ಒಂದು ಫೋನ್. ಆಮೇಲೆ ಕ್ಯಾಲೆಂಡರ್ ನೋಡಿ. ಪ್ರತಿ ತಿಂಗಳ 9ನೇ ತಾರೀಕು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುವುದರಿಂದ ಗರ್ಭಿಣಿಯರು ಮನೆಯಲ್ಲಿ ಸಿಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಒಟ್ಟಿಗೆ ಸಿಗುತ್ತಾರೆ. ಪಿಎಚ್‌ಸಿಯ ಲಸಿಕೆ ದಿನ ಆಶಾ, ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ) ಇಬ್ಬರೂ ಬಿಡುವಾಗಿರುವುದಿಲ್ಲ. ಅನೇಕ ಕಡೆ ಅದು ಗುರುವಾರ. ಅಮಾವಾಸ್ಯೆ ದಿನ ರಕ್ತ ಕೊಡಲು ಒಪ್ಪದ ಮನೆಗಳಿವೆ. ವಾದ ಮಾಡೋದಕ್ಕಿಂತ ಅವತ್ತು ಕಚೇರಿ ಕೆಲಸ ಇಟ್ಟುಕೊಳ್ಳಿ. ಊರ ಜಾತ್ರೆ, ನಾಟಿ, ಕಾಫಿ ಕೊಯ್ಲು, ಉದ್ಯೋಗ ಖಾತ್ರಿ ಕೆಲಸ, ಎಲ್ಲವೂ ನಿಮ್ಮ ಟೈಮ್‌ಟೇಬಲ್‌ಗಿಂತ ದೊಡ್ಡವು.

ಬೆಳಗ್ಗೆ ಹೊರಡುವ ಮುನ್ನ ಬ್ಯಾಗ್ ಪರೀಕ್ಷೆ. ಟ್ಯಾಬ್ಲೆಟ್‌ನ ದಿನಾಂಕ ಮತ್ತು ಸಮಯ ಸರಿ ಇದೆಯಾ ಎಂದು ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಸ್ಟಿಕ್ಕರ್ ಹಾಳೆಗಳನ್ನು ಎಣಿಸಿ, ಯಾರಿಗೆ ಯಾವ ಐಡಿಯಿಂದ ಯಾವ ಐಡಿವರೆಗೆ ಕೊಟ್ಟಿರಿ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿ. ಸಂಜೆಯ ಲೆಕ್ಕ ಶುರುವಾಗುವುದು ಇಲ್ಲಿಂದ.

ಹಂತ 5: ಒಪ್ಪಿಗೆ

ಕೂತು ಮಾತಾಡಿ. ನಿಂತುಕೊಂಡು ಕೇಳಿದರೆ ಸರ್ಕಾರಿ ಸರ್ವೆ ಅಂದುಕೊಂಡು ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಮಾಹಿತಿ ಹಾಳೆ ಓದಿದ ಮೇಲೆ ಮೂರು ಪ್ರಶ್ನೆ ಕೇಳಿ: ನಾವು ಏನು ಮಾಡ್ತೀವಿ ಅಂತ ಅರ್ಥವಾಯ್ತು? ಬೇಡ ಅಂದರೆ ಆಸ್ಪತ್ರೆಯಲ್ಲಿ ತೊಂದರೆ ಆಗುತ್ತಾ? ಮಧ್ಯದಲ್ಲಿ ಬಿಡಬಹುದಾ? ಎರಡನೆಯದಕ್ಕೆ "ಆಗುತ್ತೇನೋ" ಅಂದರೆ ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಅಂತಲೇ ತಿಳಿಯಿರಿ.

ಓದಲು ಬಾರದವರಾದರೆ ಪೂರ್ತಿ ಹೊತ್ತು ಜೊತೆಗಿದ್ದ ಸಾಕ್ಷಿಯೊಬ್ಬರು ಬೇಕು. ಆ ಸಾಕ್ಷಿ ನಿಮ್ಮ ಟೀಮಿನವರಾಗಿರಬಾರದು. ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿ, ದಿನಾಂಕ. ಒಂದು ಪ್ರತಿ ಮನೆಯವರ ಕೈಗೆ ಕೊಡಲೇಬೇಕು. ಎಷ್ಟೋ ಅಧ್ಯಯನಗಳಲ್ಲಿ ಎರಡೂ ಪ್ರತಿ ಕಪಾಟಿನಲ್ಲೇ ಕೊಳೆಯುತ್ತಿರುತ್ತವೆ. ತಪಾಸಣೆಗೆ ಬಂದವರು ಮೊದಲು ನೋಡುವುದೂ ಅದನ್ನೇ.

ಅತ್ತೆ ಅಥವಾ ಗಂಡ "ಸೈನ್ ಮಾಡು" ಅಂದಿದ್ದನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬೇಡಿ. ಆಕೆಯ ಜೊತೆ ಎರಡು ನಿಮಿಷ ಒಬ್ಬರೇ ಮಾತಾಡಿ. ತೂಕ ನೋಡುವ ನೆಪ ಸಾಕು. ಬೇಡ ಅಂದವರನ್ನು ಮತ್ತೆ ಮತ್ತೆ ಕೇಳಬೇಡಿ. ಆದರೆ ಕೇಳಿದವರನ್ನೆಲ್ಲ ಲೆಕ್ಕವಿಡುವ ಸ್ಕ್ರೀನಿಂಗ್ ರಿಜಿಸ್ಟರಿನಲ್ಲಿ, ಹೆಸರಿಲ್ಲದೆ, "ಒಪ್ಪಲಿಲ್ಲ" ಎಂದು ಒಂದು ಸಾಲು ಇರಲಿ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಬಂದರು ಎಂಬುದು ಕೊನೆಗೆ ಪ್ರಬಂಧದಲ್ಲಿ ಬೇಕೇ ಬೇಕು.

ಒಂದು ಗಂಭೀರ ವಿಷಯ. ಗರ್ಭಿಣಿಗೆ 18 ತುಂಬಿಲ್ಲ ಎಂದು ಗೊತ್ತಾದರೆ, ಮದುವೆಯಾಗಿದ್ದರೂ ಅದು ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕಾದ ಸಂಗತಿ. ಫೀಲ್ಡ್ ಕೆಲಸದವರು ಅಲ್ಲೇ ಏನೂ ತೀರ್ಮಾನಿಸಬಾರದು. ಕೂಡಲೇ ಪ್ರಧಾನ ಸಂಶೋಧಕರಿಗೆ ಫೋನ್ ಮಾಡಲಿ, ಅವರು ವೈದ್ಯಾಧಿಕಾರಿಯ ಜೊತೆ ಮುಂದುವರಿಯಲಿ. ಹುಡುಗಿಯ ಆರೈಕೆ ಮಾತ್ರ ಒಂದು ದಿನವೂ ನಿಲ್ಲಬಾರದು. ಹೀಗಾದಾಗ ಏನು ಮಾಡುತ್ತೀರಿ ಎಂಬುದನ್ನು ಎಥಿಕ್ಸ್ ಕಮಿಟಿಗೆ ಕೊಡುವ ಪ್ರೋಟೋಕಾಲ್‌ನಲ್ಲೇ ಬರೆದಿರಬೇಕು.

ಹಂತ 6: ಅಳತೆ ಮತ್ತು ರಕ್ತ

ಬಿಪಿಗೆ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ.

ಹಿಮೊಕ್ಯೂ ಯಂತ್ರದಲ್ಲಿ ಹಿಮೊಗ್ಲೋಬಿನ್ ನೋಡುವಾಗ ಆಗುವ ತಪ್ಪುಗಳು ಹೆಚ್ಚಾಗಿ ಬೆರಳಿನಲ್ಲೇ ಇರುತ್ತವೆ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ. ಮಧ್ಯದ ಅಥವಾ ಉಂಗುರ ಬೆರಳಿನ ತುದಿಯ ಪಕ್ಕದಲ್ಲಿ ಚುಚ್ಚಿ. ಸ್ಪಿರಿಟ್ ಪೂರ್ತಿ ಆರಿರಲಿ. ಮೊದಲ ಎರಡು ಮೂರು ಹನಿ ಒರೆಸಿ, ಆಮೇಲಿನ ದೊಡ್ಡ ಹನಿಗೆ ಕ್ಯೂವೆಟ್ (ರಕ್ತ ಹೀರಿಕೊಳ್ಳುವ ಸಣ್ಣ ಪ್ಲಾಸ್ಟಿಕ್ ತುಂಡು) ತಾಗಿಸಿ, ಒಂದೇ ಸಲಕ್ಕೆ ತುಂಬಲಿ. ರಕ್ತ ಬರಲಿಲ್ಲ ಅಂತ ಬೆರಳು ಹಿಂಡಿದರೆ ನೀರಿನಂಶ ಸೇರಿಕೊಂಡು ಸಂಖ್ಯೆ ಕಡಿಮೆ ಬರಬಹುದು. ಒಳಗೆ ಗುಳ್ಳೆ ಕಂಡರೆ ಆ ಕ್ಯೂವೆಟ್ ಎಸೆದು ಹೊಸದು ತೆಗೆಯಿರಿ. ದುಬಾರಿ ಅಂತ ಅದನ್ನೇ ಹಾಕಬೇಡಿ. ಹಿಮೊಕ್ಯೂ 201 ಮಾದರಿಯ ಕ್ಯೂವೆಟ್ ಡಬ್ಬಿಗೆ ತೇವ ಆಗಿಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟು ಮಾತಾಡುತ್ತಾ ಕೂತರೆ ಇಡೀ ಡಬ್ಬಿ ಹೋಯಿತು. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ.

ಹಿಮೊಗ್ಲೋಬಿನ್ ಡೆಸಿಲೀಟರಿಗೆ 7 ಗ್ರಾಂಗಿಂತ ಕಡಿಮೆ ಬಂದರೆ ಅದು ತೀವ್ರ ರಕ್ತಹೀನತೆ. ಆ ಕ್ಷಣದಿಂದ ಆಕೆ ಮೊದಲು ರೋಗಿ. ವೈದ್ಯಾಧಿಕಾರಿಗೆ ಅಲ್ಲಿಂದಲೇ ಫೋನ್, ಕೈಗೆ ರೆಫರಲ್ ಚೀಟಿ, ಆಶಾಗೆ ಮಾಹಿತಿ, ಮಾರನೇ ದಿನ ಹೋದರಾ ಎಂದು ವಿಚಾರಣೆ. ಇದನ್ನೆಲ್ಲ ಬರೆದಿಡಲು ಬೇರೆಯೇ ರೆಫರಲ್ ರಿಜಿಸ್ಟರ್ ಇಡಿ.

ರಕ್ತನಾಳದಿಂದ ರಕ್ತ ತೆಗೆಯುವುದಿದ್ದರೆ ಸ್ಟಿಕ್ಕರ್ ಅಂಟಿಸುವುದು ಅಲ್ಲೇ, ಆಕೆಯ ಎದುರಿಗೇ, ಹೆಸರು ಕೇಳಿ ಖಚಿತಪಡಿಸಿಕೊಂಡ ಮೇಲೆ. ಜೀಪಿಗೆ ಹೋಗಿ ಎಲ್ಲಾ ಟ್ಯೂಬಿಗೂ ಒಟ್ಟಿಗೆ ಅಂಟಿಸುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. ನೇರಳೆ ಮುಚ್ಚಳದ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಕುಲುಕಬೇಡಿ. ಕೋಲ್ಡ್ ಬಾಕ್ಸ್‌ನಲ್ಲಿ ಐಸ್ ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಗಿದರೆ ರಕ್ತ ಮಂಜುಗಡ್ಡೆಯಾಗಿ ಕಣಗಳು ಒಡೆಯುತ್ತವೆ. ನಡುವೆ ದಪ್ಪ ಬಟ್ಟೆ ಅಥವಾ ಥರ್ಮೋಕೋಲ್ ಇಡಿ. 2ರಿಂದ 8 ಡಿಗ್ರಿ ಇದೆಯಾ ಎಂದು ನೋಡಿ ಸಮಯ ಸಮೇತ ಬರೆಯಿರಿ.

ಹಂತ 7: ಸಂಜೆಯ ಲೆಕ್ಕ

ಕಿರಾಣಿ ಅಂಗಡಿಯವರು ಗಲ್ಲಾ ಲೆಕ್ಕ ಸರಿಹೋಗದೆ ಬಾಗಿಲು ಹಾಕುವುದಿಲ್ಲ. ಇದೂ ಹಾಗೇ. ಯಾರೂ ಮನೆಗೆ ಹೊರಡುವ ಮೊದಲು, ಎಲ್ಲರೂ ಒಂದೇ ಮೇಜಿನ ಸುತ್ತ, ಇಪ್ಪತ್ತು ಮೂವತ್ತು ನಿಮಿಷ. ಇದಕ್ಕಾಗಿ ಫೀಲ್ಡ್ ಕೆಲಸವನ್ನು ಒಂದು ಮನೆ ಕಡಿಮೆ ಮಾಡಿದರೂ ನಷ್ಟವಿಲ್ಲ.

ನಾಲ್ಕು ಸಂಖ್ಯೆ ಬರೆಯಿರಿ: ಭೇಟಿಯಾದ ಜನ, ಸಹಿಯಾದ ಒಪ್ಪಿಗೆ, ಮುಗಿದ ಫಾರ್ಮ್, ಬಂದ ಟ್ಯೂಬ್. ಉದಾಹರಣೆಗೆ 9, 7, 7, 6. ಒಂಬತ್ತರಲ್ಲಿ ಇಬ್ಬರು ಒಪ್ಪಲಿಲ್ಲ, ಸ್ಕ್ರೀನಿಂಗ್ ರಿಜಿಸ್ಟರಿನಲ್ಲಿ ಎರಡು ಸಾಲು ಇದೆ, ಸರಿ. ಏಳು ಫಾರ್ಮಿಗೆ ಆರು ಟ್ಯೂಬ್ ಯಾಕೆ? ನರ್ಸ್‌ಗೆ ಅದು ಇನ್ನೂ ನೆನಪಿದೆ: ಮೂರನೇ ಮನೆಯಲ್ಲಿ ಒಂದು ಸಲ ಚುಚ್ಚಿದರೂ ರಕ್ತ ಬರಲಿಲ್ಲ, ಆಕೆ ಇನ್ನೊಮ್ಮೆ ಬೇಡ ಅಂದರು. ಆ ಐಡಿಯ ಮುಂದೆ ಹಾಗೇ ಬರೆದು, ಸಹಿ ಹಾಕಿ. ಈಗ ಲೆಕ್ಕ ಮುಗಿಯಿತು. ಇದನ್ನು ಬರೆಯದಿದ್ದರೆ ಆರು ತಿಂಗಳ ಮೇಲೆ ಲ್ಯಾಬ್‌ನವರು ಕಳೆದರೋ ನೀವು ಕಳೆದಿರೋ ಎಂಬ ಜಗಳ ಶುರು.

ಸ್ಟಿಕ್ಕರ್ ಹಾಳೆಗಳನ್ನೂ ಎಣಿಸಿ. ಬೆಳಗ್ಗೆ ಹತ್ತು ಕೊಟ್ಟಿದ್ದರೆ ಏಳು ಬಳಕೆಯಾಗಿ ಮೂರು ವಾಪಸ್ ಬರಬೇಕು. ಎರಡೇ ಬಂದರೆ ಯಾರೋ ಒಬ್ಬರಿಗೆ ಎರಡು ಐಡಿ ಬಿದ್ದಿರುವ ಸಾಧ್ಯತೆ ಜಾಸ್ತಿ. ಅದನ್ನು ಅಲ್ಲೇ ಹುಡುಕಿ.

ಆಮೇಲೆ ಒಬ್ಬರ ಫಾರ್ಮನ್ನು ಇನ್ನೊಬ್ಬರು ಓದಬೇಕು. ಖಾಲಿ ಬಿಟ್ಟ ಜಾಗ, ನಂಬಲಾಗದ ಸಂಖ್ಯೆ, ಕೊನೆಯ ಮುಟ್ಟಿನ ದಿನಾಂಕಕ್ಕೂ ಗರ್ಭದ ವಾರಕ್ಕೂ ಹೊಂದಾಣಿಕೆ ಆಗದಿರುವುದು, ಇಷ್ಟು ನೋಡಿದರೆ ಸಾಕು. ಕಾಗದದ ಮೇಲೆ ತಿದ್ದಬೇಕಾದರೆ ಒಂದೇ ಗೆರೆ ಎಳೆದು, ಹಳೆಯ ಸಂಖ್ಯೆ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಹೊಸದು, ಸಣ್ಣ ಸಹಿ, ದಿನಾಂಕ. ವೈಟ್ನರ್ ಕಚೇರಿಯಲ್ಲೇ ಇರಬಾರದು. ಯಾವುದೋ ಒಂದು ಗೊತ್ತಿಲ್ಲ ಅಂದರೆ "ಗೊತ್ತಿಲ್ಲ" ಎಂದೇ ಇರಲಿ. ಅಂದಾಜಿನಲ್ಲಿ ತುಂಬಿದ ಸಂಖ್ಯೆ ಖಾಲಿ ಜಾಗಕ್ಕಿಂತ ಕೆಟ್ಟದ್ದು.

ಕೊನೆಗೆ ಟ್ಯಾಬ್ಲೆಟ್ ಸಿಂಕ್. ಸರ್ವರಿನಲ್ಲಿ ಏಳು ಬಂದಿದೆಯಾ ಎಂದು ಕಣ್ಣಾರೆ ನೋಡಿದ ಮೇಲೆಯೇ ಟ್ಯಾಬ್ಲೆಟ್ ಕಪಾಟಿಗೆ. ಟ್ಯೂಬ್‌ಗಳ ಜೊತೆ ಹೋಗುವ ಪಟ್ಟಿಯ ಮೇಲೆ ಲ್ಯಾಬ್‌ನವರ ಸಹಿ ಮತ್ತು ಸಮಯ. ವಾಟ್ಸಾಪ್ ಗುಂಪಿನಲ್ಲಿ ಫಾರ್ಮಿನ ಫೋಟೊ, ತಾಯಿ ಕಾರ್ಡಿನ ಫೋಟೊ ಹಾಕುವಂತಿಲ್ಲ. "ಸರ್ ಕೇಳಿದ್ರು, ಅದಕ್ಕೆ ಹಾಕಿದೆ" ಎಂಬ ಮಾತು ಬಂದರೆ ಮೊದಲು ಸರ್‌ಗೆ ಹೇಳಬೇಕು.

ಹಂತ 8: ವಾರಕ್ಕೊಮ್ಮೆ ಅನುಮಾನದ ಕಣ್ಣಿನಿಂದ ನೋಡಿ

ಶನಿವಾರ ಒಂದು ಗಂಟೆ ಡೇಟಾ ಮುಂದೆ ಕೂರಿ. ಪ್ರತಿ ಕೆಲಸದವರದ್ದನ್ನು ಬೇರೆ ಬೇರೆಯಾಗಿ ನೋಡಿದರೆ ಕೆಲವು ಲಕ್ಷಣ ಎದ್ದು ಕಾಣುತ್ತವೆ. ಒಬ್ಬರ ಬಿಪಿಗಳೆಲ್ಲಾ ಸೊನ್ನೆಯಲ್ಲಿ ಕೊನೆಯಾಗುತ್ತಿವೆ: ಡಿಜಿಟಲ್ ಯಂತ್ರ ಹಾಗೆ ತೋರಿಸುವುದಿಲ್ಲ. ಅರ್ಧ ಗಂಟೆಯ ಸಂದರ್ಶನ ಎಂಟು ನಿಮಿಷಕ್ಕೆ ಮುಗಿದಿದೆ. ಐದು ಮನೆಗಳ ಜಿಪಿಎಸ್ ಒಂದೇ ಜಾಗ, ಅದೂ ಬಸ್ ಸ್ಟ್ಯಾಂಡ್. ಒಬ್ಬರ ಪಟ್ಟಿಯಲ್ಲಿ ಮಾತ್ರ ಫೋನ್ ನಂಬರ್‌ಗಳು ಹತ್ತುತ್ತಿಲ್ಲ. "ಹೌದು" ಅಂದರೆ ಇನ್ನೂ ಆರು ಪ್ರಶ್ನೆ ತೆರೆದುಕೊಳ್ಳುವ ಕಡೆಯೆಲ್ಲ ಉತ್ತರ "ಇಲ್ಲ".

ಹೀಗೆ ಕಂಡ ಕೂಡಲೇ ಕಳ್ಳ ಎಂದು ಕೂಗಬೇಡಿ. ಮೊದಲು ಕೆಲವು ಮನೆಗಳಿಗೆ ನೀವೇ ಹೋಗಿ ನಾಲ್ಕೈದು ಪ್ರಶ್ನೆ ಮತ್ತೆ ಕೇಳಿ. ಅನುಮಾನ ನಿಜವಾದರೆ ಆ ಡೇಟಾ ಪೂರ್ತಿ ಬದಿಗೆ ತೆಗೆದು, ಪ್ರಧಾನ ಸಂಶೋಧಕರಿಗೆ ಲಿಖಿತವಾಗಿ ತಿಳಿಸಬೇಕು. ಇದರಲ್ಲಿ ರಾಜಿ ಇಲ್ಲ. ಆದರೆ ಕಾರಣವನ್ನೂ ಹುಡುಕಿ. ನನ್ನ ಅನುಭವದಲ್ಲಿ ಸುಳ್ಳು ಫಾರ್ಮ್ ಹುಟ್ಟುವುದು ಹೆಚ್ಚಾಗಿ ಎರಡು ಕಡೆ: ದಿನಕ್ಕೆ ಇಷ್ಟು ಮುಗಿಸಲೇಬೇಕು ಎಂಬ ಆಗದ ಟಾರ್ಗೆಟ್, ಇಲ್ಲವೇ ಮೂರು ತಿಂಗಳಿಂದ ಬಾರದ ಪ್ರಯಾಣ ಭತ್ಯೆ. ಬಸ್ಸಿಗೆ ದುಡ್ಡಿಲ್ಲದವರು ಬಸ್ ಸ್ಟ್ಯಾಂಡಿನಲ್ಲೇ ಕೂತು ಫಾರ್ಮ್ ತುಂಬುತ್ತಾರೆ.

ನಿಮಗೆ ಯಾರ ಮೇಲೂ ಅನುಮಾನ ಇಲ್ಲದಿದ್ದರೂ ಪ್ರತಿಯೊಬ್ಬರ ಕೆಲಸದಲ್ಲಿ ಕೆಲವನ್ನು ಚೀಟಿ ಎತ್ತಿ ಮರುಪರಿಶೀಲಿಸಿ. ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ಹಂತ 9: ತವರಿಗೆ ಹೋದವರನ್ನು ಹುಡುಕುವುದು

ಗರ್ಭಿಣಿಯರ ಅಧ್ಯಯನಗಳು ಜನರನ್ನು ಕಳೆದುಕೊಳ್ಳುವ ಜಾಗ ಇದೇ. ಏಳನೇ ತಿಂಗಳ ಸೀಮಂತ ಮುಗಿಸಿ ಮೊದಲ ಬಸುರಿಯವರು ತವರಿಗೆ ಹೋಗುತ್ತಾರೆ. ಎರಡನೇ ಭೇಟಿಯ 28ರಿಂದ 32 ವಾರ ಸರಿಯಾಗಿ ಅಲ್ಲಿಗೇ ಬೀಳುತ್ತದೆ. ಬಾಣಂತನ ಮುಗಿಸಿ ವಾಪಸ್ ಬರುವುದು ಮೂರೋ ಐದೋ ತಿಂಗಳಿಗೆ, ಆಗ ನಿಮ್ಮ ಆರನೇ ವಾರದ ಭೇಟಿ ಕೈತಪ್ಪಿರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಪ್ರೋಟೋಕಾಲ್ ಬರೆಯುವಾಗ ಯಾರಿಗೂ ಹೊಳೆಯುವುದಿಲ್ಲ.

ಮಾಡಬೇಕಾದ್ದು ಮೊದಲ ಭೇಟಿಯಲ್ಲೇ. "ಹೆರಿಗೆಗೆ ಎಲ್ಲಿಗೆ ಹೋಗ್ತೀರಿ, ಯಾವಾಗ?" ಎಂದು ಕೇಳಿ, ತವರಿನ ಊರು, ತಾಲ್ಲೂಕು, ತಂದೆಯ ಹೆಸರು ಬರೆದುಕೊಳ್ಳಿ. ಫೋನ್ ನಂಬರ್ ಮೂರು ಬೇಕು: ಆಕೆಯದು, ಗಂಡನದು, ಅಮ್ಮನದು ಅಥವಾ ಅಣ್ಣನದು. ಪ್ರತಿ ನಂಬರಿಗೂ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಿ. ಈ ನಂಬರ್‌ಗಳಿಗೆ ಕರೆ ಮಾಡಬಹುದಾ ಎಂದು ಒಪ್ಪಿಗೆ ಫಾರ್ಮಿನಲ್ಲೇ ಒಂದು ಸಾಲು ಇರಲಿ. ತವರು ನಿಮ್ಮ ವ್ಯಾಪ್ತಿಯ ಆಚೆ ಇದ್ದರೆ ಅಲ್ಲಿಗೆ ಹೋಗುವ ಪ್ರಯಾಣ ವೆಚ್ಚ ಬಜೆಟ್‌ನಲ್ಲಿ ಇದೆಯಾ, ಫೋನಿನಲ್ಲೇ ಕೇಳಬಹುದಾದ ಪ್ರಶ್ನೆಗಳು ಯಾವುವು ಎಂದು ಮೊದಲೇ ತೀರ್ಮಾನಿಸಿ.

ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಕುಟುಂಬ ಸಮೇತ ಹೋಗುವವರದು ಬೇರೆ ಸಮಸ್ಯೆ. ಅವರಿಗೆ ಊರಿನ ಕಿರಾಣಿ ಅಂಗಡಿಯವರ ಅಥವಾ ಮೇಸ್ತ್ರಿಯ ನಂಬರ್ ಹೆಚ್ಚು ಉಪಯೋಗ. ಆದರೆ ಅಧ್ಯಯನದ ವಿಷಯ ಏನು ಎಂದು ಆ ಮೂರನೆಯವರಿಗೆ ಹೇಳಬೇಡಿ. "ಕಾಲೇಜಿನಿಂದ ಫೋನ್ ಬಂದಿತ್ತು, ಮಾಡಲು ಹೇಳಿ" ಎಂದರೆ ಸಾಕು.

ಹೆರಿಗೆಯ ಅಂದಾಜು ದಿನ ದಾಟಿದ ಮೇಲೆ ನೇರವಾಗಿ ಆಕೆಗೆ ಫೋನ್ ಮಾಡಿ "ಮಗು ಹೇಗಿದೆ?" ಎಂದು ಕೇಳಬೇಡಿ. ಮೊದಲು ಆಶಾ ಅಥವಾ ಎಎನ್‌ಎಂ ಬಳಿ ವಿಚಾರಿಸಿ. ಮಗು ಉಳಿಯದ ಮನೆಗೆ ಆ ಪ್ರಶ್ನೆ ಹೋಗಬಾರದು. ಅಂಥ ಮನೆಗೆ ಅನುಭವ ಇರುವವರೊಬ್ಬರು ಹೋಗಿ, ಮೊದಲು ಮಾತಾಡಿಸಿ, ಫಾರ್ಮ್ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಲಿ.

ಸಾಧ್ಯ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಮೈಸೂರಿನ ಪಾರ್ಥೆನಾನ್ ಅಧ್ಯಯನ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರಿಗೆ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ನೋಡುತ್ತಾ ಬಂದಿದೆ.

ಹಂತ 10: ಏನಾದರೂ ಆದಾಗ

ಔಷಧಿ ಟ್ರಯಲ್‌ನಲ್ಲಿ ಸಾವು, ಆಸ್ಪತ್ರೆಗೆ ಸೇರುವಂಥ ತೊಂದರೆ ಇತ್ಯಾದಿ ಆದರೆ 2019ರ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಎಥಿಕ್ಸ್ ಕಮಿಟಿ, ಪ್ರಾಯೋಜಕರು, ಕೇಂದ್ರದ ಪರವಾನಗಿ ಪ್ರಾಧಿಕಾರ ಮೂವರಿಗೂ ವರದಿ ಹೋಗಬೇಕು, 14 ದಿನದೊಳಗೆ ವಿಶ್ಲೇಷಣೆ ಸಮೇತ ಪೂರ್ತಿ ವರದಿ. ರಾತ್ರಿ ಹನ್ನೊಂದಕ್ಕೆ ಆಶಾ ಫೋನ್ ಮಾಡಿದರೆ ಯಾರು ಎತ್ತಬೇಕು ಎಂಬುದು ಗೋಡೆಯ ಮೇಲೆ ಬರೆದಿರಲಿ. ಬರೀ ಗಮನಿಸುವ ಅಧ್ಯಯನವಾದರೂ ತಾಯಿಯ ಸಾವು, ಶಿಶುವಿನ ಸಾವು ಕಮಿಟಿಗೆ ತಿಳಿಯಲಿ.

ಪ್ರೋಟೋಕಾಲ್ ತಪ್ಪಿದ ಸಣ್ಣಪುಟ್ಟ ವಿಷಯಗಳಿಗೂ ಒಂದು ರಿಜಿಸ್ಟರ್: ಹಳೆಯ ವರ್ಷನ್ ಫಾರ್ಮಿಗೆ ಸಹಿ, 33ನೇ ವಾರದಲ್ಲಿ ಆದ ಭೇಟಿ. ರಿಜಿಸ್ಟರ್ ಖಾಲಿ ಇದ್ದರೆ ಅಧ್ಯಯನ ಚೆನ್ನಾಗಿ ನಡೆದಿದೆ ಎಂದು ಯಾವ ಆಡಿಟರೂ ನಂಬುವುದಿಲ್ಲ.

ಹಂತ 11: ದುಡ್ಡು

ಇದನ್ನು ವಿಭಾಗದ ಗುಮಾಸ್ತರಿಗೆ ಬಿಟ್ಟು ಕೈತೊಳೆದುಕೊಳ್ಳಬೇಡಿ. ವೋಚರ್ ಅವತ್ತಿನದು ಅವತ್ತೇ. ಬಂದವರಿಗೆ ಕೊಡುವ ಬಸ್ ಚಾರ್ಜು, ಕೂಲಿ ನಷ್ಟದ ಹಣಕ್ಕೆ ಸಹಿ ಬೇಕು, ಆದರೆ ಆ ರಿಜಿಸ್ಟರೂ ಹೆಸರಿರುವ ಕಪಾಟಿಗೇ ಸೇರಬೇಕು. ಸರ್ಕಾರಿ ಅನುದಾನವಾದರೆ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ತಡ, ಸಂಬಳ ತಡ. ಅಲ್ಲಿಂದ ಎಂಟನೇ ಹಂತದ ಬಸ್ ಸ್ಟ್ಯಾಂಡಿಗೆ ದೂರ ಏನಿಲ್ಲ. ಕ್ಯೂವೆಟ್, ಟ್ಯೂಬ್‌ಗಳ ಖರೀದಿ ಫೈಲನ್ನು ಸ್ಟಾಕ್ ಮುಗಿಯುವ ಎರಡು ತಿಂಗಳ ಮೊದಲೇ ಓಡಿಸಿ.

ಹಂತ 12: ಜನ ಬದಲಾದಾಗ ಮತ್ತು ಮುಚ್ಚುವಾಗ

ಪ್ರಾಜೆಕ್ಟ್ ಕೆಲಸ ತಾತ್ಕಾಲಿಕ. ಒಳ್ಳೆಯವರು ಬೇಗ ಬಿಟ್ಟು ಹೋಗುತ್ತಾರೆ. ಹೋಗುವವರು ಹೊಸಬರ ಜೊತೆ ಒಂದು ವಾರವಾದರೂ ಹಳ್ಳಿ ಸುತ್ತುವಂತೆ ನೋಡಿಕೊಳ್ಳಿ. ಕಪಾಟಿನ ಬೀಗದ ಕೈ, ಸರ್ವರಿನ ಪಾಸ್‌ವರ್ಡ್, ಬಾಕಿ ಇರುವ ಭೇಟಿಗಳ ಪಟ್ಟಿ, ಬಳಸದ ಸ್ಟಿಕ್ಕರ್ ಹಾಳೆಗಳು, ಎಲ್ಲವನ್ನೂ ಬರೆದು ಹಸ್ತಾಂತರ. ಅವರ ಲಾಗಿನ್ ಅದೇ ದಿನ ಮುಚ್ಚಿ. ಅವರ ಸ್ವಂತ ಫೋನಿನಲ್ಲಿ ಭಾಗಿಗಳ ನಂಬರ್ ಉಳಿದಿದೆಯಾ ಎಂದು ಕೇಳಿ, ಎದುರಿಗೇ ಅಳಿಸಿಸಿ.

ಎಥಿಕ್ಸ್ ಒಪ್ಪಿಗೆಯ ನವೀಕರಣದ ದಿನಾಂಕಕ್ಕೆ ಒಂದು ತಿಂಗಳ ಮೊದಲೇ ಅರ್ಜಿ ಹಾಕಿ. ಒಪ್ಪಿಗೆ ಮುಗಿದ ದಿನದಿಂದ ಸಂಗ್ರಹಿಸಿದ ಡೇಟಾವನ್ನು ಬಳಸಲು ಬಿಡುತ್ತಾರೆ ಎಂದು ನಂಬಿಕೊಳ್ಳಬೇಡಿ. ಎಲ್ಲಾ ಮುಗಿದ ಮೇಲೆ ಕಡತಗಳನ್ನು ಕನಿಷ್ಠ ಮೂರು ವರ್ಷ, ಔಷಧಿ ಟ್ರಯಲ್ ಆದರೆ ಐದು ವರ್ಷ ಇಡಬೇಕು. ಅನುದಾನ ಕೊಟ್ಟವರು ಅದಕ್ಕಿಂತ ಜಾಸ್ತಿ ಕೇಳಿದ್ದರೆ ಅಷ್ಟು. ಪೆಟ್ಟಿಗೆಗಳಿಗೆ ನಂಬರ್ ಹಾಕಿ, ಯಾವುದರಲ್ಲಿ ಏನಿದೆ ಎಂಬ ಪಟ್ಟಿಯನ್ನು ವಿಭಾಗದ ಮುಖ್ಯಸ್ಥರಿಗೂ ಒಂದು ಪ್ರತಿ ಕೊಡಿ. ಗೆದ್ದಲು ಹತ್ತದ ಕೋಣೆ ಯಾವುದು ಎಂದು ಅಟೆಂಡರ್‌ಗೆ ಕೇಳಿದರೆ ಸರಿಯಾಗಿ ಹೇಳುತ್ತಾರೆ.